ಹೊನ್ನೇಮರದ ಗೇಟು, ಏಳು ನಲವತ್ತೊಂದು

ಸಾಫ್ಟ್‌ವೇರ್ ಕಂಪನಿ ಎಂದರೆ ಗಾಜಿನ ಕಟ್ಟಡ, ಲಿಫ್ಟು, ಕುತ್ತಿಗೆಗೆ ಗುರುತಿನ ಪಟ್ಟಿ ಎಂದುಕೊಂಡವರು ತಿಪಟೂರಿನ ‘ಹಾದಿ ಮಾಹಿತಿ’ಗೆ ಒಮ್ಮೆ ಬಂದು ನೋಡಬೇಕಿತ್ತು. ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಒಂದು ಉದ್ದನೆಯ ಕೋಣೆ, ಅದರಲ್ಲಿ ಆರು ಕಂಪ್ಯೂಟರು, ಹತ್ತು ಮೊಬೈಲು. ಕಿಟಕಿ ತೆರೆದರೆ ಯೂರಿಯಾ ವಾಸನೆ, ಮುಚ್ಚಿದರೆ ಸೆಕೆ. ಬೆಂಗಳೂರಿನಲ್ಲಿ ಕುಳಿತ ದೊಡ್ಡ ತಲೆಗಳು ಪ್ರೋಗ್ರಾಂ ಬರೆಯುತ್ತಿದ್ದವು. ಅದರ ಹೊಟ್ಟೆಗೆ ದಿನಾ ಹಾಕಬೇಕಾದ ಮೇವನ್ನು ಒದಗಿಸುತ್ತಿದ್ದದ್ದು ಮಾತ್ರ ಈ ಕೋಣೆ.

ಕೆಲಸ ಏನೆಂದರೆ, ಯಾರು ಬೇಕಾದರೂ ಊರಿನ ಹೆಸರು ಬರೆದು ಒಂದು ನಂಬರಿಗೆ ಮೆಸೇಜು ಕಳಿಸಿದರೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ, ಈಗ ಎಲ್ಲಿದೆ ಎಂಬ ಉತ್ತರ ಬರಬೇಕು. ಕೊಬ್ಬರಿ ಹರಾಜಿನ ದಿನವಂತೂ ಮೊಬೈಲುಗಳಿಗೆ ಬಿಡುವಿರುತ್ತಿರಲಿಲ್ಲ. ಬಸ್ಸು ಎಲ್ಲಿದೆ ಎಂದು ಕಂಪನಿಗೆ ಹೇಗೆ ಗೊತ್ತಾಗುತ್ತದೆ? ಅದೇನೂ ಉಪಗ್ರಹದ ವಿದ್ಯೆಯಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರು ತಾಲ್ಲೂಕಿನ ನಲವತ್ತು ನಿಲ್ದಾಣಗಳಲ್ಲಿ ಸೈಕಲ್ ಷಾಪಿನವರು, ಹೂವಿನವರು, ಹೋಟೆಲಿನವರು ಎಂದು ನಲವತ್ತು ಜನರನ್ನು ಹಿಡಿದಿದ್ದರು. ಬಸ್ಸು ಬಂದು ಬಾಗಿಲು ತೆರೆದ ಕೂಡಲೇ ಅವರು ಆಫೀಸಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಒಂದು ಸಲ ಕೊಟ್ಟರೆ ಬಸ್ಸು ಬಂತು, ಎರಡು ಸಲ ಕೊಟ್ಟರೆ ಕೆಟ್ಟು ನಿಂತಿದೆ. ಮಾತಾಡಿದರೆ ದುಡ್ಡು ಹೋಗುತ್ತದೆ, ರಿಂಗಾದರೆ ಹೋಗುವುದಿಲ್ಲ. ನಮ್ಮ ಜನಕ್ಕೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ರಿಂಗು ಬಂದ ನಿಮಿಷವನ್ನು ಕಂಪ್ಯೂಟರಿಗೆ ಹಾಕುವುದು ರುಕ್ಸಾನಳ ಕೆಲಸ.

ರುಕ್ಸಾನಳಿಗೆ ಮೂವತ್ತೊಂದು ವರ್ಷ. ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿತಿದ್ದಳು. ಆ ನಲವತ್ತು ಜನರಲ್ಲಿ ಒಬ್ಬ ಅವಳ ಗಂಡನೇ ಆಗಿದ್ದ. ಉಮರ್ ಫಾರೂಖ್, ಮೆಕ್ಯಾನಿಕ್. ದಂಡಿನಶಿವರ ದಾಟಿ ಎರಡು ಮೈಲಿಗೆ ಸಿಗುವ ಹೊನ್ನೇಮರದ ಗೇಟು ಎಂಬ ರಸ್ತೆಬದಿಯ ನಿಲ್ದಾಣದಲ್ಲಿ ಅವನ ಅಪ್ಪನ ಕಾಲದ ಷೆಡ್ಡು ಇತ್ತು. ತಿಪಟೂರಿನ ಮನೆಯಿಂದ ಬೆಳಗಿನ ಆರಕ್ಕೆ ಲೂನಾ ಹತ್ತಿ ಹೊರಟರೆ ಬರುವುದು ಸಂಜೆಗೆ. ತುರುವೇಕೆರೆಯಿಂದ ಹಳ್ಳಿ ಹಳ್ಳಿ ಸುತ್ತಿ ಬರುವ ಹಸಿರು ಬಸ್ಸು ಗೇಟಿಗೆ ಬಂದಾಗ ಅವನ ರಿಂಗು ಬರುತ್ತಿತ್ತು. ಏಳು ನಲವತ್ತು, ಏಳು ನಲವತ್ತೊಂದು. ಒಂದೇ ರಿಂಗಿಗೆ ಕಟ್ ಮಾಡದೆ ಎರಡನೇ ರಿಂಗಿನವರೆಗೆ ಎಳೆಯುತ್ತಿದ್ದ. ಪಕ್ಕದ ಹುಡುಗಿಯರು ಅದನ್ನು ಹಿಡಿದು ಅವಳನ್ನು ಸತಾಯಿಸುತ್ತಿದ್ದರು.

ಎರಡು ಸಾವಿರದ ಏಳನೇ ಇಸವಿ ಯುಗಾದಿಯ ಮಾರನೆಯ ದಿನ ಏಳು ನಲವತ್ತೊಂದಕ್ಕೆ ಅವನ ರಿಂಗು ಬಂತು. ರುಕ್ಸಾನ ನಿಮಿಷ ಹಾಕಿಕೊಂಡಳು. ಎಂಟೂಕಾಲಿಗೆ ಅವನೇ ಬಂದ, ಅದೇ ಬಸ್ಸಿನಲ್ಲಿ, ಕೊನೆಯ ಸೀಟಿನ ಮೇಲೆ ಮಲಗಿಕೊಂಡು. ಡ್ರೈವರ್ ಕೆಂಚಪ್ಪ ನಡುವೆ ಎಲ್ಲೂ ನಿಲ್ಲಿಸದೆ ಬಸ್ಸನ್ನು ನೇರ ಆಸ್ಪತ್ರೆಗೆ ನುಗ್ಗಿಸಿದ್ದ. ಡಾಕ್ಟರು ಎದೆ ಮುಟ್ಟಿ ನೋಡಿ, ಹೋಗಿ ಸ್ವಲ್ಪ ಹೊತ್ತಾಗಿದೆ ಎಂದರು. ಉಮರನಿಗೆ ಮೂವತ್ತೆಂಟು.

ಅವತ್ತು ಮನೆಯ ಬಾಗಿಲಲ್ಲಿ ನಿಂತು ಕೆಂಚಪ್ಪ ಹೇಳಿದ್ದಿಷ್ಟು. ಬಸ್ಸು ಗೇಟಿಗೆ ಬಂದಾಗ ಉಮರ್ ನಿಂತಿದ್ದನಂತೆ. ಎದೆ ಹಿಡಿದುಕೊಂಡು ಕುಸಿದನಂತೆ. ಕೆಂಚಪ್ಪ ಹಾರಿ ಇಳಿದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡನಂತೆ. ಕೊಡದಿಂದ ನೀರು ಕೊಟ್ಟರೆ ಎರಡು ಗುಟುಕು ಕುಡಿದು, ಮನೆ ಕಡೆ ಹೇಳಿ ಎಂದು ಕಣ್ಣು ಮುಚ್ಚಿದನಂತೆ. ಉಮರನ ತಾಯಿ ಅಜೀಮುನ್ನೀಸಾ ಅದನ್ನು ಕೇಳಿ ಕೆಂಚಪ್ಪನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಿದ್ದಳು. ಹೋಗುವ ಜೀವದ ಬಾಯಿಗೆ ನೀರು ಬಿದ್ದಿತಲ್ಲ, ಇನ್ನೇನು ಬೇಕು ಎಂಬುದು ಆ ಮುದುಕಿಯ ಸಮಾಧಾನ. ಅಂದಿನಿಂದ ದಿನಕ್ಕೊಂದು ಸಲವಾದರೂ ಸೊಸೆಯನ್ನು ಕೇಳುವಳು, ಮನೆಮಾತು ಉರ್ದುವಿನಲ್ಲಿ: “ಪಾನಿ ಪಿಲಾಯಾ ನಾ ಉನೇ?” ಅವನು ನೀರು ಕುಡಿಸಿದ ತಾನೇ, ಎಂದು. ಕುಡಿಸಿದ ಎಂದು ಸೊಸೆ ಹೇಳುವಳು.

ರುಕ್ಸಾನ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ, ಗಂಡ ಸತ್ತವರು ಕೂರುವ ಇದ್ದತ್ ಕುಳಿತಳು. ಮೊದಮೊದಲು ಅಳು ಬಾರದ್ದಕ್ಕೆ ನೆಂಟರು ಹೆದರಿದರು, ಆಮೇಲೆ ಗಟ್ಟಿಗಿತ್ತಿ ಎಂದು ಹೊಗಳಿದರು. ಎರಡೂ ಸುಳ್ಳು. ಕಾಲು ಮಡಿಸಿ ಬಹಳ ಹೊತ್ತು ಕುಳಿತರೆ ಜೋಮು ಹಿಡಿಯುತ್ತದಲ್ಲ, ಅಷ್ಟೇ ಆಗಿತ್ತು ಅವಳಿಗೆ. ಚಿವುಟಿದರೆ ಚಿವುಟಿದ್ದು ಕಾಣುತ್ತಿತ್ತು, ನೋಯುತ್ತಿರಲಿಲ್ಲ. ಆಗಸ್ಟಿನಲ್ಲಿ ಕೆಲಸಕ್ಕೆ ವಾಪಸು ಬಂದಳು. ರಿಂಗು ಬಂದರೆ ನಿಮಿಷ ಹಾಕುವಳು. ಊಟದ ಹೊತ್ತಾದರೆ ಡಬ್ಬಿ ತೆರೆಯುವಳು, ಯಾರಾದರೂ ಮುಚ್ಚು ಎಂದರೆ ಮುಚ್ಚುವಳು.

ಗೇಟಿನಲ್ಲಿ ಈಗ ರಿಂಗು ಕೊಡುತ್ತಿದ್ದವಳು ಹೂವಿನ ಅಂಗಡಿಯ ರಾಮಕ್ಕ. ಆ ರಿಂಗು ಬರುವುದು ಏಳು ನಲವತ್ತೈದಕ್ಕೆ.

ಕಂಪನಿಗೆ ಅದೇ ಆಗಸ್ಟಿನಲ್ಲಿ ಹೊಸ ಚಪಲ ಹತ್ತಿತು. ಪ್ರಯಾಣಿಕರಿಗೆ ಹೊತ್ತು ಹೇಳಿದ್ದು ಸಾಲದೆಂದು ಬಸ್ ಮಾಲೀಕರಿಗೆ ಡ್ರೈವರುಗಳ ವರದಿ ಕೊಡಲು ಹೊರಟರು. ಮಾರ್ಚಿಗೆ ಮುಗಿದ ಒಂದು ವರ್ಷದ ನಿಮಿಷಗಳನ್ನೆಲ್ಲ ಅರೆದು ಪ್ರೋಗ್ರಾಮು ಪ್ರತಿ ನಿಲ್ದಾಣಕ್ಕೂ ಒಂದು ಖಾಯಂ ವೇಳೆ ಕಟ್ಟಿತು. ಅದನ್ನು ತಪ್ಪಿದವರ ಹೆಸರು ಕೆಂಪಕ್ಷರದಲ್ಲಿ. ತಿಂಗಳ ಕೊನೆಗೆ ವರದಿ ಅಚ್ಚಾಗಿ ಬಂದಾಗ ಕೆಂಪಿನಲ್ಲಿ ಇದ್ದದ್ದು ಒಂದೇ ಹೆಸರು, ಕೆಂಚಪ್ಪ.

ತಿಪಟೂರು ಶಾಖೆಯ ಯಜಮಾನಿಕೆ ಮಲ್ಲಿಕಾರ್ಜುನಯ್ಯನದು. ಯಾವುದೋ ಡಿಪೋದಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿದ್ದು ರಿಟೈರಾದವನು. ಸೀಟಿ ಹೋದರೂ ಬಾಯಿ ಹೋಗಿರಲಿಲ್ಲ, ಆದರೆ ಕೆಟ್ಟವನಲ್ಲ. ಕೆಂಚಪ್ಪನನ್ನು ಕರೆಸಿ ಎದುರಿಗೆ ಕೂರಿಸಿಕೊಂಡು ವರದಿ ಓದಿದ.

“ದಂಡಿನಶಿವರ ಸರಿಯಾಗಿ ಬುಟ್ಟಿದೀಯ. ಗೇಟಿಗೆ ದಿನಾ ನಾಲ್ಕು ನಿಮಿಷ ತಡ. ಅಲ್ಲಿಂದ ಹುಲ್ಲೇನಹಳ್ಳಿಗೆ ಹದಿನಾಲ್ಕು ನಿಮಿಷದ ದಾರೀನ ಹತ್ತೇ ನಿಮಿಷದಲ್ಲಿ ಹೊಡ್ದಿದೀಯ. ಅತಿವೇಗ ಅಂತೈತೆ ಇಲ್ಲಿ. ಬಸ್ ತುಂಬ ಇಸ್ಕೂಲ್ ಮಕ್ಕಳಿರ್ತಾವೆ. ಏನಯ್ಯ ಇದು, ಕೆರೆ ಏರಿ ಮೇಲೆ ತೂಕಡಿಸಿ ಆಮೇಲೆ ಎದ್ದು ಓಡಿಸ್ತೀಯೇನು?”

ಕೆಂಚಪ್ಪ ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದವನು. ಆರ್‌ಟಿಓ ಎದುರಿಗೂ ಎದೆ ಸೆಟೆಸಿ ವಾದ ಮಾಡಿದವನೆಂದು ಸ್ಟ್ಯಾಂಡಿನಲ್ಲೆಲ್ಲ ಹೆಸರು. ಅವತ್ತು ಅವನು ಒಂದು ಸಲ ಮೂಲೆಯ ಕಂಪ್ಯೂಟರಿನ ಮುಂದಿದ್ದ ರುಕ್ಸಾನಳನ್ನು ನೋಡಿದ. ಆಮೇಲೆ ತನ್ನ ಚಪ್ಪಲಿ ನೋಡಿಕೊಂಡ.

“ತಪ್ಪಾಗಿರ್ಬೇಕು ಸಾರ್.”

“ಆಗಿರ್ಬೇಕು ಅಂದ್ರೆ? ಆಗೈತೋ ಇಲ್ವೋ?”

“ಆಗೈತೆ.”

“ನಿಮ್ಮ ಓನರ್ ಒಂದನೇ ತಾರೀಕಿಂದ ಸ್ಟೇರಿಂಗ್ ಕಿತ್ಕತ್ತೀನಿ ಅಂತ ಕೂತವ್ನೆ ಕಣಪ್ಪ. ಅತಿವೇಗ ಅಂತ ಒಂದ್ಸಲ ಬರೆದ್ರೆ ಇನ್ಯಾವ ಬಸ್ನೋರೂ ನಿನ್ನ ಹತ್ತುಸ್ಕಳ್ಳಲ್ಲ. ಏನಾರ ಹೇಳೋದಿದ್ರೆ ಈಗ್ಲೇ ಹೇಳು.”

“ಏನೂ ಇಲ್ಲ ಸಾರ್. ಬತ್ತೀನಿ.”

ಮೆಟ್ಟಿಲಿಳಿದು ಹೋದ. ಮಲ್ಲಿಕಾರ್ಜುನಯ್ಯನಿಗೇ ಕಸಿವಿಸಿಯಾಯಿತು. ಮೂವತ್ತು ವರ್ಷದಲ್ಲಿ ತಪ್ಪೊಪ್ಪಿಕೊಂಡ ಡ್ರೈವರನ್ನು ಅವನು ಕಂಡಿರಲಿಲ್ಲ. ರುಕ್ಸಾನಳ ಕಡೆ ತಿರುಗಿ, “ನಾಳೆ ಬೆಳಗ್ಗೆ ಒಂದ್ಸಲ ಆ ಬಸ್ಸಲ್ಲಿ ಕೂತು ಬಾಮ್ಮ. ಗಡಿಯಾರ ನೋಡಿ ಬರ್ಕೊಂಡು ಬಾ. ಆಮೇಲೆ ಕಳಿಸ್ತೀನಿ ವರದೀನ” ಎಂದ. ಗೇಟು ಯಾರದು ಎಂಬುದು ಆಮೇಲೆ ನೆನಪಾಗಿ, “ಬ್ಯಾಡ ಬುಡು, ಬೇರೆಯವ್ರು ಹೋಗ್ತಾರೆ” ಎಂದೂ ಸೇರಿಸಿದ. ರುಕ್ಸಾನ ಹೋಗುತ್ತೇನೆ ಎಂದಳು. ಹೋಗುವುದೂ ಹೋಗದಿರುವುದೂ ಅವಳಿಗೆ ಒಂದೇ ಆಗಿತ್ತು.

ಮಾರನೆಯ ದಿನ ಮೊದಲ ಬಸ್ಸಿಗೆ ತುರುವೇಕೆರೆಗೆ ಹೋಗಿ, ಅಲ್ಲಿಂದ ಹಸಿರು ಬಸ್ಸು ಹತ್ತಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕುಳಿತಳು. ಕೆಂಚಪ್ಪ ಕನ್ನಡಿಯಲ್ಲಿ ಅವಳನ್ನು ಕಂಡು ಗೇರು ಹಾಕಿದ. ದಂಡಿನಶಿವರ ಏಳೂವರೆಗೆ ಸರಿಯಾಗಿ ಬಂತು. ಬರೆದುಕೊಂಡಳು. ತೋಟಗಳು ಮುಗಿದು ಕೆರೆ ಏರಿ ಸಿಕ್ಕಿತು. ರಸ್ತೆ ನೀರನ್ನು ಬಳಸಿಕೊಂಡು ದೊಡ್ಡ ಸುತ್ತು ಹೊಡೆಯುತ್ತದೆ, ಗುಂಡಿಗೊಂದು ಗುಂಡಿ. ಆಚೆ ದಡದಲ್ಲಿ ಹೊನ್ನೇಮರ, ಅದರ ಕೆಳಗೆ ಬೀಗ ಹಾಕಿದ ತಗಡಿನ ಷೆಡ್ಡು ಕಾಣುತ್ತಿತ್ತು. ಕೆಂಚಪ್ಪನ ಬಲಗೈ ಹಾರನ್ನಿನ ರಬ್ಬರಿನ ಉಂಡೆಗೆ ಹೋಯಿತು. ಒತ್ತಲಿಲ್ಲ. ಕೈ ತಿರುಗಿ ಸ್ಟೇರಿಂಗಿಗೆ ಬಂತು. ಏಳು ನಲವತ್ತೊಂದು ಎಂದು ಅವಳ ಗಡಿಯಾರ ತೋರಿಸುತ್ತಿತ್ತು, ಬಸ್ಸು ಇನ್ನೂ ಏರಿಯ ಮೇಲಿತ್ತು.

ಗೇಟಿಗೆ ಬಂದು ನಿಂತಾಗ ಏಳು ನಲವತ್ತೈದು. ರಾಮಕ್ಕ ಹೂವಿನ ಬುಟ್ಟಿ ಪಕ್ಕಕ್ಕಿಟ್ಟು ಮೊಬೈಲಿಗೆ ಒತ್ತಿ ಕಟ್ ಮಾಡಿದಳು. ಕಂಡಕ್ಟರ್ ರಂಗರಾಜು ಕೊಡ ಹಿಡಿದು ಷೆಡ್ಡಿನ ಪಕ್ಕದ ನೀರಿನ ತೊಟ್ಟಿಯ ಕಡೆ ಓಡಿದ. ಆ ಬಸ್ಸಿನ ರೇಡಿಯೇಟರಿಗೆ ಗೇಟಿನಲ್ಲಿ ಎರಡು ಕೊಡ ನೀರು ಬಿಡದಿದ್ದರೆ ತಿಪಟೂರು ಮುಟ್ಟುವುದಿಲ್ಲ. ಕೆಂಚಪ್ಪ ಬಾನೆಟ್ಟಿನ ಕಡೆ ಹೋದ. ರುಕ್ಸಾನ ಕೆಳಗಿಳಿದಳು. ರಾಮಕ್ಕ ಅವಳನ್ನು ಕಂಡವಳೇ ಎದ್ದು ಬಂದು ತಲೆ ನೇವರಿಸಿದಳು.

“ಈಗ್ಲಾರ ಬಂದ್ಯಲ್ಲಮ್ಮ. ಇವತ್ತು ಕೆಂಚಪ್ಪ ಹಾರನ್ನೇ ಹೊಡೀಲಿಲ್ಲ, ಬಸ್ ಬಂದಿದ್ದೇ ಗೊತ್ತಾಗ್ಲಿಲ್ಲ ನೋಡು.”

“ಯಾವ ಹಾರನ್ನು?”

“ಅದೇ, ಏರಿ ಮೇಲೆ ಹೊಡೀತಾನಲ್ಲ. ನಿನ್ನ ಗಂಡನಿಗೆ ಅಂತ್ಲೇ ಹೊಡೆಯೋನು. ಅದು ನೀರ್ ಮೇಲೆ ಹಾಸಿ ನೆಟ್ಟಗೆ ಇಲ್ಲಿಗೆ ಕೇಳುಸ್ತದೆ, ಬಸ್ಸು ಬಳಸ್ಕಂಡು ಬರೋದು ಆಮೇಲೆ. ಅಷ್ಟೊತ್ಗೆ ಎರಡು ಕೊಡ ತುಂಬ್ಕಂಡು ರಸ್ತೇಲಿ ನಿಂತಿರೋನು, ಬಸ್ಸು ಕಾಯ್ಬಾರ್ದು ಅಂತ.”

“ಮತ್ತೆ ಫೋನು?”

“ಫೋನು ಮೊದ್ಲೇ ಒತ್ತಿಬುಡೋನು, ಹಾರನ್ ಕೇಳಿದ್ ತಕ್ಷಣ. ಆಮೇಲೆ ಎರಡು ಕೈಲೂ ಕೊಡ ಇರ್ತಿತ್ತಲ್ಲ, ಹೆಂಗೆ ಒತ್ತಾನು? ನಾನೇ ಎಷ್ಟೋ ಸಲ ಅಂದಿದೀನಿ, ಬರೋ ಮುಂಚೆನೇ ಬಂತು ಅಂತೀಯಲ್ಲೋ ಅಂತ. ನಮ್ಮನೇವ್ಳಿಗೇ ಹೋಗೋದು ಬುಡಕ್ಕ, ಅಂತ ನಗೋನು. ಆವತ್ತೊಂದಿನ ನಾನು ಇದ್ದಿದ್ರೆ, ಏನೋ. ಕೆಂಕೆರೆಗೆ ತಂಗಿ ಮನೇಗೆ ಹಬ್ಬಕ್ಕೆ ಹೋಗಿದ್ದೆ.”

ರಂಗರಾಜು ಸೀಟಿ ಊದಿದ. ರುಕ್ಸಾನ ಹತ್ತಿ ಕುಳಿತಳು. ಹುಲ್ಲೇನಹಳ್ಳಿ ಏಳು ಐವತ್ತೈದು. ಬಸ್ಸು ಹಾರಿಕೊಂಡೇನೂ ಹೋಗಿರಲಿಲ್ಲ, ಎಂದಿನಂತೆ ಕುಂಟಿಕೊಂಡೇ ಹೋಗಿತ್ತು. ಅದನ್ನೂ ಬರೆದುಕೊಂಡಳು. ಲೆಕ್ಕ ಯಾರಾದರೂ ಹಾಕಬಹುದಾದಂಥದ್ದು. ವರ್ಷವಿಡೀ ಗೇಟಿನ ಏಳು ನಲವತ್ತೊಂದು ಎಂದು ಅವಳು ಹಾಕಿದ್ದೆಲ್ಲ ಏರಿಯ ಮೇಲಿನ ಹಾರನ್ನಿನ ಹೊತ್ತು. ಬಾಗಿಲು ತೆರೆದ ಮೇಲೆ ಒತ್ತಬೇಕು ಎಂದು ಮೂವತ್ತೊಂಬತ್ತು ಜನರಿಗೆ ಎರಡೆರಡು ಸಲ ಹೇಳಿಕೊಟ್ಟವಳು ಗಂಡನಿಗೆ ಒಂದೇ ಸಲ, ರೊಟ್ಟಿ ತಟ್ಟುತ್ತಾ ಹೇಳಿದ್ದಳು. ಬಸ್ಸು ಯಾವತ್ತೂ ಬರುತ್ತಿದ್ದದ್ದು ಏಳು ನಲವತ್ತೈದಕ್ಕೇ. ಕೆಂಚಪ್ಪ ತಡವೂ ಮಾಡಿರಲಿಲ್ಲ, ಜೋರಾಗಿ ಓಡಿಸಿಯೂ ಇರಲಿಲ್ಲ.

ಲೆಕ್ಕ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅದು ತಾನಾಗಿ ಯುಗಾದಿಯ ಮಾರನೆಯ ದಿನಕ್ಕೆ ಹೋಯಿತು. ಅವತ್ತೂ ರಿಂಗು ಏಳು ನಲವತ್ತೊಂದಕ್ಕೆ. ಇಷ್ಟು ದಿನ ಅವಳು ಅದನ್ನು ನಂಬಿಕೊಂಡು ಬದುಕಿದ್ದಳು. ರಿಂಗು ಬಂತೆಂದರೆ ಬಸ್ಸು ಅಲ್ಲೇ ಇತ್ತು, ಕೆಂಚಪ್ಪ ಅಲ್ಲೇ ಇದ್ದ, ಉಮರ್ ಜನರ ಮಧ್ಯೆ ಇದ್ದ. ಈಗ ರಿಂಗಿಗೂ ಬಸ್ಸಿಗೂ ನಡುವೆ ನಾಲ್ಕು ನಿಮಿಷ ಬಿದ್ದಿತ್ತು, ಆ ನಾಲ್ಕು ನಿಮಿಷ ಅವನ ಬಳಿ ಯಾರಿದ್ದರು?

ತಿಪಟೂರು ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದು ಹೋದ ಮೇಲೂ ಅವಳು ಎದ್ದಿರಲಿಲ್ಲ. ಕೆಂಚಪ್ಪ ಇಂಜಿನ್ ಆರಿಸಿ ತಿರುಗದೆ ಕುಳಿತಿದ್ದ.

“ಅಣ್ಣ, ಅವತ್ತು ಕೊಡ ತುಂಬಿತ್ತಾ?” ಎಂದು ಕೇಳಿದಳು.

ಅವನು ಹೇಳಿದ. “ಒಂದು ತುಂಬಿತ್ತು. ಇನ್ನೊಂದು ತೊಟ್ಟಿ ಒಳಗೆ ತೇಲ್ತಿತ್ತು ಕಣಮ್ಮ.”

“ನೀವು ಬರೋ ಹೊತ್ತಿಗೆ?”

“ಹೋಗ್ಬುಟ್ಟಿದ್ದ. ತೊಟ್ಟಿ ಪಕ್ಕ ಬಿದ್ದಿದ್ದ, ಮೊಕ ಅಡಿಯಾಗಿ. ಹಬ್ಬದ ಮಾರ್ನೆ ದಿನ, ಗೇಟಲ್ಲಿ ಒಂದು ನರಪಿಳ್ಳೆ ಇರ್ಲಿಲ್ಲ, ಬಸ್ಸಲ್ಲೂ ನಾನು ರಂಗರಾಜು ಇಬ್ರೇ.” ಅವನು ಸ್ಟೇರಿಂಗ್ ಮೇಲಿನ ಪ್ಲಾಸ್ಟಿಕ್ ದಾರ ಬಿಚ್ಚುತ್ತಾ ಸುತ್ತುತ್ತಾ ಇದ್ದ. “ನಾನು ಸುಳ್ಳು ಹೇಳ್ಬೇಕು ಅಂತ ಬಂದಿರ್ಲಿಲ್ಲ ಕಣಮ್ಮ. ನಿಮ್ಮತ್ತೆ ಬಾಗ್ಲಲ್ಲೇ ಕೈ ಹಿಡ್ಕಂಡು ಕೇಳ್ತು, ನೀರು ಕೊಟ್ಟೇನಪ್ಪ ನನ್ ಮಗಂಗೆ ಅಂತ. ವರ್ಷಗಟ್ಲೆ ಅವನು ನನ್ ಗಾಡಿಗೆ ನೀರು ಕೊಟ್ಟ. ನಾನು ಇಲ್ಲ ಅನ್ನಕ್ಕಾಯ್ತದಾ? ಕೊಟ್ಟೆ ಅಂದೆ. ಆಮೇಲೆ ಅದು ಬೆಳ್ಕಂಡು ಹೋಯ್ತು.”

“ನಿನ್ನೆ ಆಫೀಸಲ್ಲಿ ಯಾಕೆ ಹೇಳ್ಲಿಲ್ಲ? ಹಾರನ್ನಿನ ವಿಷಯ?”

“ಹೇಳಿದ್ರೆ ನೀನು ಲೆಕ್ಕ ಹಾಕ್ಬುಡ್ತಿದ್ದೆ. ಇವತ್ತು ಹೊಡೀದಂಗೆ ಬಂದೆ. ಆ ರಾಮಕ್ಕನ ಬಾಯಿ ಕಟ್ಟಾಕಾಯ್ತದಾ?” ಎಂದ. “ಬುಡಮ್ಮ. ನಂಗೂ ಐವತ್ತೈದಾಯ್ತು. ಸ್ಟೇರಿಂಗ್ ಇಲ್ಲಾಂದ್ರೆ ಮಟ್ಟೆ ಸುಲ್ಕಂಡಿರ್ತೀನಿ.”

ಕಾಯಿ ಸುಲಿಯುವವರ ಅಂಗೈ ಏನಾಗುತ್ತದೆಂದು ತಿಪಟೂರಿನವರಿಗೆ ಹೇಳಬೇಕಿಲ್ಲ. ಐವತ್ತೈದಕ್ಕೆ ಆ ಕೆಲಸ ಹೊಸದಾಗಿ ಕಲಿಯುವವರು ಯಾರೂ ಇಲ್ಲ. ಒಬ್ಬ ಮನುಷ್ಯ ಇಪ್ಪತ್ತಾರು ವರ್ಷದ ಕಸುಬನ್ನು ಅವಳ ಮನಸ್ಸಿನ ಸಮಾಧಾನಕ್ಕಾಗಿ ಬಿಟ್ಟುಕೊಡಲು ಹೊರಟಿದ್ದಾನೆ ಎಂಬುದು ರುಕ್ಸಾನಳಿಗೆ ಅರ್ಥವಾಯಿತು. ಅರ್ಥವಾದದ್ದೇ ಹೊರತು ಒಳಗೆ ಏನೂ ಅಲುಗಾಡಲಿಲ್ಲ. ಬರುತ್ತೇನೆ ಎಂದು ಇಳಿದು, ರಸ್ತೆ ದಾಟಿ, ಗೊಬ್ಬರದ ಅಂಗಡಿಯ ಮೆಟ್ಟಿಲು ಹತ್ತಿದಳು.

ಮಲ್ಲಿಕಾರ್ಜುನಯ್ಯ ಎಲ್ಲ ಕೇಳಿದ. ಬೆಂಗಳೂರಿಗೆ ಫೋನು ಮಾಡಿದ. ಅಲ್ಲಿಯವರು ಬರೆದು ಕೊಡಲಿ ಎಂದರು. ಅವಳೇ ಬರೆದಳು: ಗೇಟಿನ ವರದಿಗಾರ ದಿವಂಗತ ಉಮರ್ ಫಾರೂಖ್ ಕೊಟ್ಟ ವೇಳೆಗಳೆಲ್ಲ ನಾಲ್ಕು ನಿಮಿಷ ಮುಂಚಿನವು, ಡ್ರೈವರ್ ಕೆಂಚಪ್ಪನ ತಪ್ಪು ಇದರಲ್ಲಿ ಏನೂ ಇಲ್ಲ. ಕೆಳಗೆ ಸಹಿ ಹಾಕುವಾಗ ಎಂದಿನ ಅಭ್ಯಾಸದಂತೆ ಹೆಸರಿನ ಮುಂದೆ ಅವನ ಹೆಸರೂ ಬಂತು. ಗಂಡನದು ತಪ್ಪೆಂದು ಹೆಂಡತಿ ಬರೆದುಕೊಟ್ಟ ಕಾಗದಕ್ಕೆ ಗಂಡನದೇ ಹೆಸರು.

ಆ ವೇಳೆಗಳನ್ನೆಲ್ಲ ಅಳಿಸಿ ಹಾಕುವುದೋ, ನಾಲ್ಕು ಸೇರಿಸಿ ತಿದ್ದುವುದೋ ಎಂದು ಬೆಂಗಳೂರು ಕೇಳಿತು. ಅಳಿಸುವುದು ಒಂದು ಗಳಿಗೆಯ ಕೆಲಸ, ತಿದ್ದುವುದಾದರೆ ಒಂದೊಂದು ಸಾಲನ್ನೂ ಬಿಡಿಸಬೇಕು. ತಿದ್ದುತ್ತೇನೆ ಎಂದಳು. ಮುನ್ನೂರ ಹದಿನೆಂಟು ಸಾಲು. ಏಳು ನಲವತ್ತು ಇದ್ದದ್ದನ್ನು ಏಳು ನಲವತ್ತನಾಲ್ಕು ಮಾಡಿದಳು, ನಲವತ್ತೊಂದನ್ನು ನಲವತ್ತೈದು. ಮಳೆಗಾಲದ ಸಾಲುಗಳು ಹೋದವು, ರಂಜಾನಿನ ಸಾಲುಗಳು ಹೋದವು. ಗಂಡಹೆಂಡಿರು ಮೂರು ದಿನ ಮಾತು ಬಿಟ್ಟಿದ್ದ ವಾರದಲ್ಲೂ ರಿಂಗು ತಪ್ಪಿರಲಿಲ್ಲ. ಪ್ರತಿ ಸಾಲಿನಲ್ಲೂ ಒಬ್ಬ ಮನುಷ್ಯ ಕೊಡ ಹಿಡಿಯುವ ಮುಂಚೆ ಕೈ ಒರೆಸಿಕೊಂಡು ಅವಳಿಗೆ ರಿಂಗು ಕೊಟ್ಟಿದ್ದ. ಊಟದ ಹೊತ್ತು ಕಳೆಯಿತು. ಯಾರೂ ಡಬ್ಬಿ ತೆರೆ ಎನ್ನಲಿಲ್ಲ.

ಕೊನೆಯ ಸಾಲಿಗೆ ಬಂದಾಗ ಮಲ್ಲಿಕಾರ್ಜುನಯ್ಯ ಹಿಂದೆ ಬಂದು ನಿಂತ. “ಅದೊಂದು ಹಂಗೇ ಬುಟ್ಬುಡಮ್ಮ. ಒಂದು ಸಾಲಿಂದ ಏನೂ ಹೋಗಲ್ಲ.”

“ಬಸ್ಸು ಬಂದಿದ್ದು ನಲವತ್ತೈದಕ್ಕೇ ಸಾರ್” ಎಂದು ತಿದ್ದಿದಳು. ವರದಿ ಮತ್ತೆ ಅಚ್ಚಾಯಿತು. ಅದರಲ್ಲಿ ಯಾರ ಹೆಸರೂ ಕೆಂಪಾಗಿರಲಿಲ್ಲ. ಮಲ್ಲಿಕಾರ್ಜುನಯ್ಯ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, ಓನರಿಗೆ ನಾನೇ ಕೊಟ್ಟು ಬರುತ್ತೇನೆ ಎಂದು ಹೊರಟ.

ಸಂಜೆ ಮನೆಗೆ ಹೋದಾಗ ಅಜೀಮುನ್ನೀಸಾ ನಡುಮನೆಯ ಚಾಪೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ಕಣ್ಣು ಮಂಜಾಗಿದ್ದರಿಂದ ಕಲ್ಲಿನ ಜೊತೆ ಅಕ್ಕಿಯೂ ಹೊರಗೆ ಬೀಳುತ್ತಿತ್ತು. ಸೊಸೆ ಗೇಟಿಗೆ ಹೋಗಿ ಬಂದದ್ದು ಯಾರಿಂದಲೋ ಕಿವಿಗೆ ಬಿದ್ದಿತ್ತು. ಕೆಂಚಪ್ಪ ಸಿಕ್ಕಿದ್ದನಾ, ಚೆನ್ನಾಗಿದ್ದಾನಾ ಎಂದು ವಿಚಾರಿಸಿದಳು. ಚೆನ್ನಾಗಿದ್ದಾನೆ, ಕೆಲಸಕ್ಕೇನೂ ತೊಂದರೆಯಿಲ್ಲ ಎಂದಳು ರುಕ್ಸಾನ. ಮೊರವನ್ನು ಅತ್ತೆಯ ಕೈಯಿಂದ ತೆಗೆದುಕೊಂಡು ಎದುರಿಗೆ ಕುಳಿತಳು.

ಮುದುಕಿ ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು ಎಂದಿನ ಮಾತು ಕೇಳಿದಳು.

“ಪಾನಿ ಪಿಲಾಯಾ ನಾ ಉನೇ?”

ಇದುವರೆಗೆ ರುಕ್ಸಾನ ಇದಕ್ಕೆ ಉತ್ತರ ಕೊಡುವಾಗ ತಲೆಯನ್ನೂ ಎತ್ತುತ್ತಿರಲಿಲ್ಲ. ಗೊತ್ತಿದ್ದದ್ದನ್ನು ಹೇಳುವುದಕ್ಕೆ ಕಷ್ಟವೇನು? ಈಗ ಮೊರದ ಮೇಲಿನ ಕೈ ನಿಂತಿತು. ತೊಟ್ಟಿಯಲ್ಲಿ ತೇಲುವ ಕೊಡ ಕಣ್ಣೆದುರಿಗೆ ಬಂತು. ಹೊಸ್ತಿಲಿನ ಆಚೆ ನಿಂತು ಇದೇ ಮುಖ ನೋಡುತ್ತಾ ಕೆಂಚಪ್ಪ ಅವತ್ತು ಎಷ್ಟು ಹೊತ್ತು ಸುಮ್ಮನಿದ್ದಿರಬೇಕು ಎಂದು ಮೊದಲ ಬಾರಿಗೆ ತಿಳಿಯಿತು. ಜೋಮು ಹಿಡಿದ ಕಾಲನ್ನು ನೆಲಕ್ಕೂರಿದಾಗ ಆಗುವ ಹಾಗೆ, ತಡೆಯಲಾರದಷ್ಟು ನೋವಾಯಿತು.

“ಹೌ, ಪಿಲಾಯಾ” ಎಂದಳು. ಕುಡಿಸಿದ.

ಮುದುಕಿಗೆ ಅದು ಸಾಲದಾಯಿತು. “ಎಷ್ಟು ಕುಡಿದ?” ಎಂದಳು.

“ಎರಡು ಗುಟುಕು” ಎಂದು ಹೇಳಿ, ರುಕ್ಸಾನ ಮೊರವನ್ನು ಕೆಳಗಿಟ್ಟು ಅಳತೊಡಗಿದಳು.